ಒಂದು ವರ್ಷ ಮಾತ್ರ ನಿಂತ ವಯಸ್ಸು

ಆ ಶುಕ್ರವಾರ ಮಧ್ಯಾಹ್ನ ಅಪ್ಪ ಕುನಾಫಾದ ದೊಡ್ಡ ತಟ್ಟೆಯೊಂದನ್ನು ಹಿಡಿದುಕೊಂಡು ಮನೆಗೆ ಬಂದರು. ಅಂದು ಯಾರ ಹುಟ್ಟುಹಬ್ಬವೂ ಅಲ್ಲ, ಬೇರೆ ಹಬ್ಬವೂ ಅಲ್ಲ. ಆ ಸಿಹಿಯನ್ನು ಮೇಜಿನ ಮೇಲಿಟ್ಟು, ಕಿಟಕಿ ಮುಚ್ಚಿ, ಹೊರಬಾಗಿಲಿನ ಚಿಲಕ ಸರಿಯಾಗಿ ಬಿದ್ದಿದೆಯೇ ಎಂದು ಎರಡನೆಯ ಸಲ ನೋಡಿ, ನಮ್ಮನ್ನೆಲ್ಲ ಕೂರಿಸಿದರು. ದೋಹಾದ ಐನ್ ಖಾಲಿದ್‌ನ ಆ ವಿಲ್ಲಾದ ಮಾಲೀಕ ನಡುನಡುವೆ ಗೋಡೆ ಎಬ್ಬಿಸಿ ಐದು ಸಂಸಾರಗಳಿಗೆ ಬಾಡಿಗೆಗೆ ಕೊಟ್ಟಿದ್ದ. ಪಕ್ಕದವರು ಒಗ್ಗರಣೆ ಹಾಕಿದರೆ ನಮಗೆ ಸೀನು ಬರುತ್ತಿತ್ತು. ಆದ್ದರಿಂದ ಗುಟ್ಟಿನ ಮಾತು ಏನಿದ್ದರೂ ಎಸಿ ಜೋರು ಮಾಡಿಯೇ ಆಡಬೇಕು ಎಂಬುದು ಅಪ್ಪನ ನಿಯಮ. ಅಂದೂ ಜೋರು ಮಾಡಿದರು.

"ಕಾಂಟ್ರಾಕ್ಟ್ ರಿನ್ಯೂ ಆಯ್ತು. ಇನ್ನು ಎರಡು ವರ್ಷ ಯಾರಿಗೂ ಹೆದರ್ಲಿಕ್ಕಿಲ್ಲ. ಈಗ ಹೇಳ್ಬಹುದು."

"ಬೇಗ ಹೇಳಿ ಮಾರ್ರೆ, ಮಕ್ಕಳಿಗೆ ಗಾಬರಿ ಆಗ್ತದೆ," ಎಂದಳು ಅಮ್ಮ. ಅವಳ ಮುಖದಲ್ಲಿ ಗಾಬರಿ ಇರಲಿಲ್ಲ. ಅವಳಿಗೆ ಮೊದಲೇ ಗೊತ್ತಿತ್ತು.

"ಅಮೆರಿಕದ ಗ್ರೀನ್ ಕಾರ್ಡಿಗೆ ನಮ್ಮ ಸರದಿ ಬಂತು. ನಾಲ್ಕೂ ಜನರಿಗೆ."

ಹದಿನೇಳು ವರ್ಷದ ತಂಗಿ ಕುರ್ಚಿಯಿಂದ ಎದ್ದೇಬಿಟ್ಟಳು. "ಸೀರಿಯಸ್ಲಿ? ನಾನು ಫ್ರೆಂಡ್ಸಿಗೆ ಹೇಳ್ಲಾ?"

"ಯಾರಿಗೂ ಹೇಳ್ಲಿಕ್ಕಿಲ್ಲ!" ಅಪ್ಪ, ಅಮ್ಮ ಒಟ್ಟಿಗೇ ಹೇಳಿದರು.

ಅಪ್ಪನ ಅಕ್ಕ, ನಮ್ಮ ಅತ್ತೆ, ಅಮೆರಿಕದಲ್ಲಿ ನರ್ಸ್. ಅಲ್ಲಿನ ಪೌರತ್ವ ಸಿಕ್ಕಿದ ವರ್ಷವೇ ತಮ್ಮನ ಸಂಸಾರವನ್ನು ಕರೆಸಿಕೊಳ್ಳಲು ಅರ್ಜಿ ಹಾಕಿದ್ದರಂತೆ. ಆಗ ನನಗೆ ಐದೂವರೆ ವರ್ಷ. ತಂಗಿ ಹುಟ್ಟಿರಲೇ ಇಲ್ಲ. ಒಡಹುಟ್ಟಿದವರಿಗಾಗಿ ಇರುವ ಸರದಿ ಹತ್ತೊಂಬತ್ತು ವರ್ಷ ನಡೆಯಿತು. ಆ ಹತ್ತೊಂಬತ್ತು ವರ್ಷವೂ ಅಪ್ಪ ಇಲ್ಲಿ ಎಸಿ ರಿಪೇರಿ ಮಾಡಿಸುವ ಕಂಪನಿಯೊಂದರಲ್ಲಿ ಕೂತು, ಎರಡೆರಡು ವರ್ಷದ ಕೆಲಸದ ವೀಸಾಗಳನ್ನು ಒಂದರ ಬಾಲಕ್ಕೆ ಇನ್ನೊಂದು ಕಟ್ಟಿಕೊಂಡು ಬಂದಿದ್ದರು.

ಸಂತೋಷ ಬೇಡವೆಂದಲ್ಲ. ಆದರೆ ನನಗೆ ಯಾರು ಏನು ಹೇಳಿದರೂ ಮೊದಲು ಬಾಯಿಗೆ ಬರುವುದು "ಆಧಾರ ಎಲ್ಲಿ?" ಎಂಬ ಮಾತು. ದೋಹಾದ ಶಾಲೆಯಲ್ಲಿ ಇಂಗ್ಲಿಷಿನಲ್ಲಿ, ಮಂಗಳೂರಿನ ಕಾಲೇಜಿನಲ್ಲಿ ಕನ್ನಡದಲ್ಲಿ, ಹತ್ತು ವರ್ಷ ಚರ್ಚಾಸ್ಪರ್ಧೆಗಳಲ್ಲಿ ನಿಂತವಳು ನಾನು. ಚೆನ್ನಾಗಿ ಮಾತಾಡುವುದನ್ನು ಅಲ್ಲಿ ಯಾರೂ ಮೊದಲು ಕಲಿಸುವುದಿಲ್ಲ. ಎದುರಿನವನು ತನ್ನ ಕಾಗದದಿಂದ ಜೋರಾಗಿ ಓದದೆ ಬಿಟ್ಟ ಸಾಲು ಯಾವುದು ಎಂದು ಹುಡುಕುವುದನ್ನು ಕಲಿಸುತ್ತಾರೆ.

"ಕಾಗದ ತೋರಿಸಿ," ಎಂದೆ.

"ನೋಡು, ಜಡ್ಜಿಗೆ ಕಾಗದ ಬೇಕಂತೆ," ಎಂದು ಅಪ್ಪ ನಗುತ್ತಲೇ ಅಕ್ಕಿ ಡ್ರಮ್ಮಿನ ಹಿಂದಿನಿಂದ ಒಂದು ಫೈಲ್ ತೆಗೆದರು. ನಾನು ದಿನಾ ಅನ್ನಕ್ಕೆ ಅಕ್ಕಿ ಅಳೆಯುತ್ತಿದ್ದ ಡ್ರಮ್ಮು ಅದು.

ಅತ್ತೆಯ ವಕೀಲರ ಪತ್ರ ಮೇಲೇ ಇತ್ತು. ಹದಿನಾಲ್ಕು ತಿಂಗಳ ಹಿಂದಿನದು. ಅದರಲ್ಲಿ ನನ್ನ ಬಗ್ಗೆ ಒಂದು ಪ್ಯಾರಾ. ಇಪ್ಪತ್ತೊಂದು ದಾಟಿದ ಮಕ್ಕಳು ತಂದೆಯ ಅರ್ಜಿಯಲ್ಲಿ ಸೇರುವುದಿಲ್ಲ. ಸರದಿ ಬಂದ ದಿನ ನನಗೆ ಇಪ್ಪತ್ತನಾಲ್ಕೂವರೆ. ಆದರೆ ಅತ್ತೆ ಹಾಕಿದ ಅರ್ಜಿ ಮಂಜೂರಾಗಲು ಅಲ್ಲಿನ ಕಚೇರಿಯಲ್ಲಿ ನಾಲ್ಕು ವರ್ಷ ಹಿಡಿದಿತ್ತು. ಆ ನಾಲ್ಕು ವರ್ಷವನ್ನು ನನ್ನ ವಯಸ್ಸಿನಿಂದ ಕಳೆಯುತ್ತಾರೆ. ಹಾಗಾಗಿ ಕಾನೂನಿನ ಪ್ರಕಾರ ನನಗೆ ಇಪ್ಪತ್ತೂವರೆ. ಇಷ್ಟನ್ನು ಅಪ್ಪ ಓದಿದ್ದರು, ಪೆನ್ಸಿಲಿನಲ್ಲಿ ಅಡಿಗೆರೆ ಎಳೆದಿದ್ದರು. ಪಕ್ಕದಲ್ಲಿ 'ಓಕೆ' ಎಂದೂ ಬರೆದಿದ್ದರು.

ಅದರ ಕೆಳಗಿನ ಸಾಲಿಗೆ ಗೆರೆ ಇರಲಿಲ್ಲ. ಸರದಿ ಬಂದ ಒಂದು ವರ್ಷದೊಳಗೆ ಮಗಳ ಹೆಸರಿನಲ್ಲಿ ಅರ್ಜಿ ತುಂಬಿದರೆ, ಅಥವಾ ಅವಳ ಶುಲ್ಕ ಕಟ್ಟಿದರೆ ಮಾತ್ರ ಈ ವಯಸ್ಸು ನಿಲ್ಲುತ್ತದೆ ಎಂದಿತ್ತು ಅಲ್ಲಿ.

"ನನ್ನ ಅರ್ಜಿ ತುಂಬಿದ್ದೀರಾ?"

"ಈಗ ತುಂಬುದು. ಈ ವಾರವೇ ಕೂತ್ಕೊಂಡು ನಾಲ್ಕೂ ಜನರದ್ದು ತುಂಬುವ. ಅದಕ್ಕೇ ನಿನ್ನನ್ನು ಕೂರಿಸಿದ್ದು."

"ಶುಲ್ಕ?"

"ಅದೂ ಈಗ. ಯಾಕೆ?"

"ವರ್ಷ ಮುಗಿದು ಎರಡು ತಿಂಗಳಾಯ್ತು ಅಪ್ಪಾ."

"ಮೇಲ್ ಹಾಕಿದ್ದೇನಲ್ಲ ನಾನು! ಹನ್ನೊಂದನೇ ತಿಂಗಳಲ್ಲೇ. 'ನಮಗೆ ಆಸಕ್ತಿ ಉಂಟು' ಅಂತ. ಫೈಲ್ ಜೀವಂತ ಇಡ್ಲಿಕ್ಕೆ ಒಂದು ಮೇಲ್ ಸಾಕು ಅಂತ ಅಕ್ಕನೇ ಹೇಳಿದ್ದು."

"ಫೈಲ್ ಜೀವಂತ ಉಂಟು. ಅದ್ರೊಳಗೆ ನಾನಿಲ್ಲ."

ಅಪ್ಪ ಪತ್ರವನ್ನು ನನ್ನ ಕೈಯಿಂದ ತೆಗೆದುಕೊಂಡು ಕನ್ನಡಕ ಹಾಕಿ ಓದಿದರು. ಮತ್ತೆ ಓದಿದರು. ಮೂರನೆಯ ಸಲ ಆ ಸಾಲಿನ ಕೆಳಗೆ ಉಗುರಿನಿಂದ ಗೆರೆ ಎಳೆಯುತ್ತ ಓದಿದರು. "ಇಪ್ಪತ್ತೂವರೆ ಅಂತ ಬರ್ದಿದ್ದಾರಲ್ಲ," ಎಂದರು. "ವಯಸ್ಸು ನಿಂತಿದೆ ಅಂತ ಬರ್ದಿದ್ದಾರಲ್ಲ."

ಆ ಕುನಾಫಾವನ್ನು ಯಾರೂ ಮುಟ್ಟಲಿಲ್ಲ ಎಂದು ಬರೆದರೆ ಓದಲು ಚೆನ್ನಾಗಿರುತ್ತದೆ. ಆದರೆ ನಾವು ತಿಂದೆವು. ತಣ್ಣಗಾಗಿ ಚೀಸ್ ರಬ್ಬರಿನಂತಾಗಿತ್ತು. ಅಮ್ಮ ನಾಲ್ಕು ಬಟ್ಟಲಿಗೆ ಹಾಕಿ ಕೊಟ್ಟಳು, ನಾನೂ ಜಗಿದೆ.

ಯಾಕೆ ಕಾದಿರಿ? ಆ ವಾರ ಪೂರ್ತಿ ನಾನು ಅಪ್ಪನನ್ನು ಕೇಳಿದ್ದು ಇದೊಂದೇ ಪ್ರಶ್ನೆ. ಅವರಲ್ಲಿ ಉತ್ತರ ಇತ್ತು, ಮತ್ತು ಅದು ಅವರ ದೃಷ್ಟಿಯಲ್ಲಿ ಪಕ್ಕಾ ಉತ್ತರ. ಕೆಲವು ವರ್ಷಗಳ ಹಿಂದೆ ಅವರ ಜೊತೆ ಕೆಲಸ ಮಾಡುತ್ತಿದ್ದ ಒಬ್ಬರು ಕೆನಡಾಕ್ಕೆ ಅರ್ಜಿ ಹಾಕಿದ್ದನ್ನು ಆಫೀಸಿನಲ್ಲಿ ಚಹಾ ಕುಡಿಯುತ್ತ ಹೇಳಿಬಿಟ್ಟರಂತೆ. ಆ ಸಲ ಅವರ ಕಾಂಟ್ರಾಕ್ಟ್ ಮುಂದುವರಿಯಲಿಲ್ಲ. ಕೆನಡಾವೂ ಸಿಗಲಿಲ್ಲ. ಅಪ್ಪನಿಗೆ ಅಷ್ಟು ಸಾಕಾಯಿತು. ಒಂದು ಉದಾಹರಣೆಯಿಂದ ಸಿದ್ಧಾಂತ ಕಟ್ಟಬಾರದು ಎಂದು ಹತ್ತು ವರ್ಷ ವೇದಿಕೆಯಲ್ಲಿ ಹೇಳಿದವಳ ತಂದೆ ಒಂದೇ ಉದಾಹರಣೆಯಿಂದ ಇಡೀ ಸಂಸಾರದ ಕಾಲಪಟ್ಟಿ ಬರೆದರು. ಅರ್ಜಿ ತುಂಬಿದರೆ ಪೊಲೀಸ್ ಸರ್ಟಿಫಿಕೇಟ್ ಬೇಕು. ಅದಕ್ಕೆ ಓಡಾಡಿದರೆ ಕಂಪನಿಯ ಮಂದೂಬನಿಗೆ, ಎಂದರೆ ಸರ್ಕಾರಿ ಕಚೇರಿಗಳ ಕೆಲಸ ನೋಡಿಕೊಳ್ಳುವವನಿಗೆ, ಗೊತ್ತಾಗುತ್ತದೆ. ಅವನಿಗೆ ಗೊತ್ತಾದರೆ ಮ್ಯಾನೇಜರಿಗೆ ಗೊತ್ತಾಗುತ್ತದೆ. ಆಮೇಲೆ ಇಲ್ಲಿನ ಕೆಲಸವೂ ಇಲ್ಲ, ಅಲ್ಲಿನ ಕಾರ್ಡೂ ಇಲ್ಲ. ಆದ್ದರಿಂದ ಮೊದಲು ಇಲ್ಲಿನ ಎರಡು ವರ್ಷ ಗಟ್ಟಿ, ನಂತರ ಅಲ್ಲಿನ ಅರ್ಜಿ.

"ನಂಗಾದ್ರೂ ಹೇಳ್ಬಹುದಿತ್ತಲ್ಲ. ಓದ್ಲಿಕ್ಕೆ ಕೊಟ್ಟಿದ್ರೆ ಐದು ನಿಮಿಷದ ಕೆಲಸ."

"ನೀನು ಹೇಳ್ತಿದ್ದಿ. ಆಫೀಸಲ್ಲಿ ಯಾರಿಗಾದ್ರೂ ಹೇಳ್ತಿದ್ದಿ. ನಿನ್ನ ಬಾಯಿ ನಂಗೆ ಗೊತ್ತಿಲ್ವಾ?"

ಇದು ಅಪ್ಪನೊಬ್ಬರ ರೋಗವಲ್ಲ. ಗಲ್ಫಿನಲ್ಲಿರುವ ನಮ್ಮ ಕಡೆಯವರಲ್ಲಿ ಯಾರೂ ವೀಸಾ ಪಾಸ್‌ಪೋರ್ಟಿಗೆ ಅಂಟುವ ತನಕ ಬಾಯಿ ಬಿಡುವುದಿಲ್ಲ. ಹತ್ತು ವರ್ಷ ಒಂದೇ ಗೋಡೆ ಹಂಚಿಕೊಂಡವರು, ನಮ್ಮ ಮನೆಯ ಪಾಯಸ ತಿಂದವರು, ವಿಮಾನ ನಿಲ್ದಾಣದಿಂದ ಫೋನ್ ಮಾಡಿ "ನಾವು ಆಸ್ಟ್ರೇಲಿಯಾಕ್ಕೆ ಹೊರಟೆವು ಆಯ್ತಾ, ಕೀಲಿ ವಾಚ್‌ಮನ್ ಹತ್ರ ಉಂಟು" ಎಂದದ್ದನ್ನು ನಾನು ಕೇಳಿದ್ದೇನೆ. ದೃಷ್ಟಿ ಬೀಳುತ್ತದೆ ಎಂಬ ಹೆದರಿಕೆ ಅರ್ಧ, ಕಂಪನಿಯ ಹೆದರಿಕೆ ಅರ್ಧ. ಅಮ್ಮನಿಗೂ ಅತ್ತೆಗೂ ಫೋನಿನಲ್ಲಿ ಗ್ರೀನ್ ಕಾರ್ಡ್ ಎನ್ನುವ ಧೈರ್ಯವಿರಲಿಲ್ಲ, 'ಆ ಸೀರೆ' ಎನ್ನುತ್ತಿದ್ದರು. ನಾನು ಎಷ್ಟೋ ವರ್ಷ ಅತ್ತೆ ಒಂದು ಸೀರೆ ಕಳಿಸಲು ಯಾಕಿಷ್ಟು ಸತಾಯಿಸುತ್ತಾರೆ ಎಂದುಕೊಂಡಿದ್ದೆ.

ನನಗೆ ಸಿಟ್ಟು ಬಂದದ್ದು ಅಪ್ಪನಿಗೆ ದಿನಾಂಕಗಳು ಅರ್ಥವಾಗದೇ ಇದ್ದದ್ದಕ್ಕಲ್ಲ. ಅವು ಅವರಿಗೆ ಅರ್ಥವಾದಷ್ಟು ಇನ್ಯಾರಿಗೂ ಆಗುತ್ತಿರಲಿಲ್ಲ. ಆರು ತಿಂಗಳಿಗಿಂತ ಹೆಚ್ಚು ಕಾಲ ಹೊರಗಿದ್ದರೆ ಇಲ್ಲಿನ ವಾಸದ ಪರವಾನಗಿ ಕೈತಪ್ಪುತ್ತದೆ. ಮಂಗಳೂರಿನಲ್ಲಿ ಓದುತ್ತಿದ್ದ ನಾಲ್ಕೂ ವರ್ಷ, ಪರೀಕ್ಷೆ ಇರಲಿ ಜ್ವರ ಇರಲಿ, ಐದನೆಯ ತಿಂಗಳಿಗೆ ನನ್ನನ್ನು ವಿಮಾನ ಹತ್ತಿಸಿ, ದೋಹಾದ ನೆಲ ಮುಟ್ಟಿಸಿ, ಮೂರನೆಯ ದಿನ ವಾಪಸು ಕಳಿಸುತ್ತಿದ್ದರು ಅಪ್ಪ. ಒಂದು ಸಲವೂ ತಪ್ಪಲಿಲ್ಲ. ನನ್ನ ಇಲ್ಲಿನ ವೀಸಾವನ್ನು ಕಾಪಾಡಲು ಅಷ್ಟು ಕಷ್ಟಪಟ್ಟ ಮನುಷ್ಯ ಅಲ್ಲಿನದನ್ನು ಕಳೆದದ್ದು ಮರೆತಲ್ಲ, ಇಲ್ಲಿನದನ್ನು ಇನ್ನಷ್ಟು ಕಾಪಾಡಲು ಹೋಗಿ.

ಇನ್ನೊಂದು ವಿಷಯ ಗೊತ್ತಾದದ್ದು ಅಮ್ಮನಿಂದ. ಸಮಾಧಾನ ಹೇಳಲು ಬಂದವಳು ಬಾಯಿತಪ್ಪಿ ಹೇಳಿದಳು.

"ನಿಂಗೋಸ್ಕರ ನಾವೆಷ್ಟು ಕಾದಿದ್ದೇವೆ ಗೊತ್ತುಂಟಾ? ಎಷ್ಟು ಸಂಬಂಧ ಬೇಡ ಅಂದಿದ್ದೇವೆ!"

"ಯಾವ ಸಂಬಂಧ?"

"ಮದುವೆ ಆದ್ರೆ ನಿನ್ನ ಹೆಸ್ರು ಅರ್ಜಿಯಿಂದ ಹೋಗ್ತದೆ ಅಂತ ವಕೀಲರು ಹೇಳಿದ್ರು ಮಾರಾಯ್ತಿ. ಅದಕ್ಕೇ ಅಲ್ವಾ ಈ ವರ್ಷ ಬೇಡ, ಈ ವರ್ಷ ಬೇಡ ಅಂದದ್ದು."

ವೆಸ್ಟ್ ಬೇಯಲ್ಲಿ ನಾನು ಕೆಲಸ ಮಾಡುವ ವಿಮಾ ಕಚೇರಿಯಲ್ಲಿ ನನ್ನ ವಯಸ್ಸಿನ ಭಾರತದ ಹುಡುಗಿಯರು ನಾಲ್ವರಿದ್ದೆವು. ಉಳಿದ ಮೂವರಿಗೂ ಮನೆಯಲ್ಲಿ ಮದುವೆಯ ಒತ್ತಾಯ. ನಾನು ಊಟದ ಹೊತ್ತಿನಲ್ಲಿ ದೊಡ್ಡ ಭಾಷಣ ಮಾಡುತ್ತಿದ್ದೆ: ನನ್ನ ಅಪ್ಪ ಹಾಗಲ್ಲ, ಮಗಳ ಬದುಕು ಮಗಳದು ಎಂದು ತಿಳಿದವರು, ಈ ಕಾಲದವರು. ಎರಡು ವರ್ಷ ಹೇಳಿದ್ದೆ. ಅಬು ಹಮೂರಿನ ಕಡೆ ಇದ್ದ ಒಬ್ಬ ಹುಡುಗನ ಜೊತೆ ಮಾತುಕತೆ ಒಂದಷ್ಟು ತಿಂಗಳು ನಡೆದಿತ್ತು. ನನಗೆ ಅವನ ಮಾತು ಹಿಡಿಸಿತ್ತು, ಅವನಿಗೆ ನನ್ನದೂ. ಅಪ್ಪನೇ "ಅವಸರ ಎಂತಕ್ಕೆ" ಎಂದರು. ನಾನು ಅದನ್ನು ನನಗೆ ಕೊಟ್ಟ ಸ್ವಾತಂತ್ರ್ಯವೆಂದು ತಿಳಿದು ಅವನಿಗೂ ಹಾಗೆಯೇ ಹೇಳಿದೆ. ಅವನ ಮದುವೆ ಕಳೆದ ವರ್ಷ ಆಯಿತು. ಅವನೇನು ನನ್ನ ಬದುಕಿನ ಬೆಳಕಾಗಿರಲಿಲ್ಲ, ಉತ್ಪ್ರೇಕ್ಷೆ ಬೇಡ. ಆದರೆ ನಾನು ಬೇಡ ಅಂದದ್ದಲ್ಲ ಅದು. ಒಂದು ಅರ್ಜಿಯ ಪರವಾಗಿ ನನ್ನ ಬಾಯಲ್ಲಿ ಬೇಡ ಅನ್ನಿಸಿದ್ದರು.

ಅತ್ತೆಗೆ ವಿಡಿಯೋ ಕರೆ ಮಾಡಿದೆವು. ಇಲ್ಲಿ ಸಂಜೆ, ಅಲ್ಲಿ ಅವರು ಡ್ಯೂಟಿಗೆ ಹೊರಡುವ ಹೊತ್ತು.

"ನಾನು ಎಷ್ಟು ಸಲ ಹೇಳಿದ್ದೇನೆ ಇವನಿಗೆ! ಫಾರ್ಮ್ ತುಂಬು, ಫಾರ್ಮ್ ತುಂಬು ಅಂತ. ಇವ 'ಅಕ್ಕಾ, ಫೋನಲ್ಲಿ ಬೇಡ' ಅಂತ ಇಡ್ತಾನೆ. ಫೋನಲ್ಲಿ ಬೇಡಾಂದ್ರೆ ಪಾರಿವಾಳದ ಕಾಲಿಗೆ ಕಟ್ಟಿ ಕಳಿಸ್ಲಾ?"

"ಮಗಳಿಗೆ ಬೇರೆಯೇ ಒಂದು ವರ್ಷದ ಗಡುವು ಉಂಟು ಅಂತ ನೀನು ಹೇಳಿದ್ದಿಯಾ?" ಎಂದರು ಅಪ್ಪ.

"ವಕೀಲರು ಬರ್ದು ಕೊಟ್ಟದ್ದು ಮತ್ತೆ ಎಂತಕ್ಕೆ? ನೀನು ಓದ್ಲಿಲ್ವಾ?"

ಅಪ್ಪ ಅಡಿಗೆರೆಯ ವಿಷಯ ಹೇಳಲಿಲ್ಲ.

ವಕೀಲರು ಒಂದು ದಾರಿ ತೋರಿಸಿದರು. ಅಸಾಧಾರಣ ಕಾರಣದಿಂದ ತಡವಾಗಿದ್ದರೆ ಅಧಿಕಾರಿ ಮನ್ನಿಸಬಹುದು. ಆದರೆ ಆ ಕಾರಣ ನಮ್ಮ ಕೈಮೀರಿದ್ದಾಗಿರಬೇಕು, ನಾವೇ ಮಾಡಿಕೊಂಡದ್ದಾಗಿರಬಾರದು. ಹೇಳಿಕೆಯೊಂದನ್ನು ಬರೆದು ಅರ್ಜಿಯ ಜೊತೆ ಕೊಡಿ ಎಂದರು.

"ನೀನೇ ಬರಿ ಮಗಾ," ಎಂದರು ಅಪ್ಪ. "ಚರ್ಚೆಯಲ್ಲಿ ಕಪ್ ಗೆದ್ದವಳು ನೀನು. ನಾನು ಆಸ್ಪತ್ರೆಯಲ್ಲಿದ್ದೆ ಅಂತ ಬರಿ."

ಆ ವರ್ಷ ಮೂತ್ರಪಿಂಡದ ಕಲ್ಲಿಗೆಂದು ಅಪ್ಪ ಆಸ್ಪತ್ರೆ ಸೇರಿದ್ದು ನಿಜ. ಮೂರು ದಿನ. ನಾಲ್ಕನೆಯ ದಿನ ಆಫೀಸಿಗೆ ಹೋಗಿದ್ದರು.

"ಮೂರು ದಿನಕ್ಕೆ ಒಂದು ವರ್ಷ ತಡ ಆಗ್ತದಾ?"

"ಎಷ್ಟು ದಿನ ಅಂತ ಬರೀಬೇಡ. ಇದ್ದೆ ಅಂತ ಮಾತ್ರ ಬರಿ."

ನನ್ನ ದಿನದ ಕೆಲಸ ಏನೆಂದು ಇಲ್ಲಿ ಹೇಳಬೇಕು. ವಿಮೆಯ ಹಣಕ್ಕೆ ಅರ್ಜಿ ಹಾಕಿದವರಿಗೆ 'ವಿಷಾದದಿಂದ ತಿಳಿಸುತ್ತೇವೆ' ಎಂಬ ಪತ್ರಗಳನ್ನು ಬರೆಯುವವಳು ನಾನು. ಯಾವ ಸಾಲಿನಲ್ಲಿ ಜನ ಏನನ್ನು ಮುಚ್ಚುತ್ತಾರೆ ಎಂದು ನನಗೆ ಗೊತ್ತು. ದಿನಗಳ ಸಂಖ್ಯೆ ಇಲ್ಲದ ಆಸ್ಪತ್ರೆಯ ಕಾಗದ ಕಂಡ ಕೂಡಲೇ ನಾನು ಮೊದಲು ಕೇಳುವುದೇ ದಿನಗಳ ಸಂಖ್ಯೆ. ಆದರೂ ಬರೆದೆ. ಎರಡು ಸಂಜೆ ಕೂತು ಬರೆದೆ. ಆ ವರ್ಷ ನನ್ನ ತಂದೆ ಆಸ್ಪತ್ರೆಗೆ ದಾಖಲಾಗಿದ್ದರು. ಅದೇ ವರ್ಷ ಅವರ ಉದ್ಯೋಗ ಅನಿಶ್ಚಿತವಾಗಿತ್ತು. ಅರ್ಜಿಯ ಕಾಗದಪತ್ರಗಳೆಲ್ಲ ಅವರೊಬ್ಬರ ಬಳಿಯೇ ಇದ್ದವು. ಒಂದೊಂದು ವಾಕ್ಯವೂ ಸತ್ಯ. ಮೂರನ್ನೂ ಒಟ್ಟಿಗೆ ಓದಿದರೆ ಯಾರೋ ಒಬ್ಬರು ವರ್ಷವಿಡೀ ಹಾಸಿಗೆ ಹಿಡಿದಿದ್ದರು ಅನ್ನಿಸಬೇಕು. ಹಾಗೆ ಅನ್ನಿಸುವಂತೆಯೇ ಜೋಡಿಸಿದ್ದೆ. ಚರ್ಚೆಯಲ್ಲಿ ಎದುರಾಳಿ ಹೀಗೆ ಮಾಡಿದಾಗ ನಾನು ಬೆರಳು ತೋರಿಸಿ ಎದ್ದು ನಿಲ್ಲುತ್ತಿದ್ದೆ.

ಅಪ್ಪ ಓದಿ, "ಎಷ್ಟು ಚಂದ ಬರ್ದಿದ್ದಿ," ಎಂದರು. ಅವರ ಕಣ್ಣು ತುಂಬಿತ್ತು. ತಮ್ಮ ಕಾಯಿಲೆಯ ಬಗ್ಗೆ ಅವರಿಗೇ ಕನಿಕರ ಬಂದಿರಬೇಕು.

ಗ್ರೀನ್ ಕಾರ್ಡ್ ಯಾರಿಗೆ ಬೇಕು ಎಂದು ಹಿಂದೆ ನಾನು ಗೆಳತಿಯರ ಮುಂದೆ ಗೇಲಿ ಮಾಡಿದ್ದುಂಟು. ನನಗೆ ಅಮೆರಿಕ ಬೇಕಿತ್ತೇ? ಈಗಲೂ ಖಚಿತವಾಗಿ ಹೇಳಲಾರೆ. ನನಗೆ ಬೇಕಿದ್ದದ್ದು ಆ ಪಟ್ಟಿಯಲ್ಲಿ ನಾಲ್ಕನೆಯ ಹೆಸರು. ಅದಕ್ಕಿಂತ ಸಣ್ಣ ಕಾರಣವೂ ಇತ್ತು. ನಾನು ದೋಹಾದಲ್ಲಿ ಇದ್ದದ್ದು ಅಪ್ಪನ ಮದುವೆಯಾಗದ ಮಗಳೆಂದು, ಅವರ ಫ್ಯಾಮಿಲಿ ವೀಸಾದ ಮೇಲೆ. ಕೆಲಸವೂ ಆ ವೀಸಾದ ಮೇಲೆಯೇ. ಅವರು ಇಲ್ಲಿಂದ ಹೊರಟ ದಿನ ನಾನು ಇಲ್ಲಿ ಯಾರ ಮಗಳೂ ಅಲ್ಲ.

ಅಮೆರಿಕದ ದೂತಾವಾಸದವರು ಸಂದರ್ಶನಕ್ಕೆ ನಾಲ್ವರನ್ನೂ ಕರೆದರು. ಅಮ್ಮ ರೇಷ್ಮೆ ಸೀರೆ ಉಟ್ಟಳು. ಅಪ್ಪ ಮಂದೂಬನ ಕಣ್ಣು ತಪ್ಪಿಸಲು ಆಫೀಸಿಗೆ ಹಲ್ಲುನೋವು ಎಂದು ಹೇಳಿ ಬಂದಿದ್ದರು. ಗಾಜಿನ ಆಚೆ ಕೂತವಳು ನನ್ನಷ್ಟೇ ವಯಸ್ಸಿನವಳು. ಸಭ್ಯಳು. ಅಪ್ಪನ ಹತ್ತಿರ ಅತ್ತೆಯ ಬಗ್ಗೆ ಕೇಳಿದಳು, ತಂಗಿಯ ಶಾಲೆಯ ಬಗ್ಗೆ ಕೇಳಿ ನಕ್ಕಳು. ನಂತರ ನನ್ನ ಹೇಳಿಕೆಯನ್ನು ತೆಗೆದು ಪೂರ್ತಿ ಓದಿದಳು. ಅವಳು ಅವಸರದಲ್ಲಿ ಕಣ್ಣಾಡಿಸಲಿಲ್ಲ. ಅದಕ್ಕಾಗಿ ನಾನು ಈಗಲೂ ಅವಳನ್ನು ಗೌರವಿಸುತ್ತೇನೆ.

"ಇದನ್ನು ಬರೆದದ್ದು ನೀವೇ?"

"ಹೌದು."

"ತಂದೆ ಎಷ್ಟು ದಿನ ಆಸ್ಪತ್ರೆಯಲ್ಲಿದ್ದರು?"

ಅಪ್ಪ ನನ್ನ ಮೊಣಕೈಯನ್ನು ಮುಟ್ಟಿದರು. ಒತ್ತಲಿಲ್ಲ, ಮುಟ್ಟಿದರು ಅಷ್ಟೆ.

"ಮೂರು," ಎಂದೆ.

"ಉಳಿದ ತಿಂಗಳುಗಳಲ್ಲಿ ಅರ್ಜಿ ಹಾಕದಿರಲು ಕಾರಣ?"

ನನ್ನ ಬಳಿ ಇನ್ನೂ ಎರಡು ಉತ್ತರ ಸಿದ್ಧವಿದ್ದವು. ಎರಡೂ ಚೆನ್ನಾಗಿದ್ದವು. ಆದರೆ ಗಾಜಿನ ಆಚೆಗಿನವಳ ಮುಖದಲ್ಲಿ ನನ್ನದೇ ಆಫೀಸಿನ ಮುಖ ಕಾಣುತ್ತಿತ್ತು. ಕೇಳುವ ಮೊದಲೇ ಉತ್ತರ ಗೊತ್ತಿರುವ, ನಮಗೊಂದು ಅವಕಾಶ ಕೊಡುವುದಕ್ಕಾಗಿ ಮಾತ್ರ ಕೇಳುವ ಮುಖ.

"ಅವರು ಹೆದರಿದ್ದರು," ಎಂದೆ. "ಕೆಲಸ ಹೋಗುತ್ತದೆ ಎಂದು. ಯಾರಿಗೂ ಹೇಳಲಿಲ್ಲ. ನನಗೂ."

ಅವಳು ತಲೆಯಾಡಿಸಿ ಏನನ್ನೋ ಟೈಪ್ ಮಾಡಿದಳು. ಮೂರು ಪಾಸ್‌ಪೋರ್ಟುಗಳನ್ನು ಒಳಗಿಟ್ಟುಕೊಂಡು ನಾಲ್ಕನೆಯದನ್ನು ಕಿಂಡಿಯಿಂದ ಈಚೆಗೆ ತಳ್ಳಿದಳು. ಜೊತೆಗೆ ಒಂದು ಹಾಳೆ. ಅದನ್ನು ಓದಬೇಕಾಗಿಯೇ ಇರಲಿಲ್ಲ. ವಿಷಾದದಿಂದ ತಿಳಿಸುವ ಕಾಗದ ಹೇಗೆ ಮಡಚಿರುತ್ತದೆ ಎಂದು ನನಗೆ ಗೊತ್ತು.

ಹೊರಗೆ ಬಂದ ಮೇಲೆ ಅಪ್ಪ ಕೇಳಿದರು, "ಮೂರು ಅಂತ ಯಾಕೆ ಹೇಳಿದ್ದಿ?"

"ಮೂವತ್ತು ಅಂತ ಹೇಳಿದ್ರೆ ಆಸ್ಪತ್ರೆಯ ಕಾಗದ ಕೇಳ್ತಿದ್ಳು."

"ಕೇಳಿದಾಗ ನೋಡ್ಬಹುದಿತ್ತಲ್ಲ."

ಆಮೇಲೆ ಎರಡು ವಾರ ಅವರು ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ. ತಡ ಮಾಡಿದ್ದು ಅವರು, ಸಿಟ್ಟಾದದ್ದೂ ಅವರೇ. ಅವರ ಹೆದರಿಕೆಯನ್ನು ಹೊರಗಿನವರ ಎದುರು ಹೆಸರು ಹಿಡಿದು ಕರೆದದ್ದು ಅವರಿಗೆ ನನ್ನ ಕಾರ್ಡ್ ಹೋದದ್ದಕ್ಕಿಂತ ಹೆಚ್ಚು ಚುಚ್ಚಿತ್ತು ಎಂದು ನನ್ನ ಅನುಮಾನ.

ಮೂರು ಪಾಸ್‌ಪೋರ್ಟುಗಳು ವೀಸಾ ಅಂಟಿಸಿಕೊಂಡು ಬಂದವು. ಆರು ತಿಂಗಳೊಳಗೆ ಅಮೆರಿಕದ ನೆಲ ಮುಟ್ಟಬೇಕು, ಇಲ್ಲವಾದರೆ ಹತ್ತೊಂಬತ್ತು ವರ್ಷವೂ ನೀರಿಗೆ. ಅತ್ತೆ ಫೋನಿನಲ್ಲಿ ಈಗ ಸೀರೆ ಅನ್ನುವುದನ್ನು ಬಿಟ್ಟಿದ್ದರು. "ಇವ ಬಂದ ಕೂಡ್ಲೇ ನಿಂಗೆ ಬೇರೆ ಅರ್ಜಿ ಹಾಕ್ತಾನೆ ಮಗಾ. ಹತ್ತು ವರ್ಷ ಹಿಡೀಬಹುದು. ನೀನು ಮದುವೆ ಮಾತ್ರ ಆಗ್ಬೇಡ, ಆಯ್ತಾ? ಆದ್ರೆ ಅದೂ ಹೋಗ್ತದೆ," ಎಂದರು. ಅವರ ದನಿಯಲ್ಲಿ ನಿಜವಾದ ಪ್ರೀತಿ ಇತ್ತು. ಅದಕ್ಕೇ ನಾನು ಉತ್ತರ ಕೊಡದೆ ಫೋನನ್ನು ಅಮ್ಮನಿಗೆ ಕೊಟ್ಟೆ.

ಒಂದು ಗುರುವಾರ ಸಂಜೆ ಅಪ್ಪ ನಮ್ಮನ್ನು ಸೂಕ್ ವಾಕಿಫ್ ಎಂಬ ಹಳೆಯ ಪೇಟೆಗೆ ಕರೆದುಕೊಂಡು ಹೋದರು. ವೀಸಾ ಬಂದ ದಿನ ಅಲ್ಲಿ ಊಟ ಮಾಡಿಸುತ್ತೇನೆಂದು ತಂಗಿಗೆ ಮಾತು ಕೊಟ್ಟಿದ್ದರಂತೆ. ಊಟ ಯಾರಿಗೂ ಬೇಡವಾಗಿ ಬರೀ ಕರಕ್ ಚಹಾ ತರಿಸಿ ಕೂತೆವು.

"ನಾವು ಹೋಗುದಿಲ್ಲ," ಎಂದರು ಅಪ್ಪ ಇದ್ದಕ್ಕಿದ್ದಂತೆ. "ನಾಲ್ಕು ಜನ ಹೋಗುದಾದ್ರೆ ಹೋಗುದು. ಇಲ್ಲಾಂದ್ರೆ ಖಲಾಸ್."

ನಾನು ಇದಕ್ಕೆ ಕಾದಿದ್ದೆ. ಅಪ್ಪ ಇದನ್ನು ಹೇಳಲಿ ಎಂದು ಕಾದಿದ್ದೆ, ಹೇಳಿದಾಗ ಒಪ್ಪಿಕೊಳ್ಳಬಾರದೆಂದೂ ನಿರ್ಧರಿಸಿದ್ದೆ. ಅವರು ನನಗಾಗಿ ಉಳಿದರೆ, ಮುಂದೆ ಈ ಮನೆಯಲ್ಲಿ ಏನು ತಪ್ಪಿದರೂ ಅದು ನನ್ನಿಂದ. ಆ ಭಾರ ನನಗೆ ಬೇಡವಾಗಿತ್ತು. ನಾನು ಕೈಯ ಲೋಟ ಕೆಳಗಿಟ್ಟು ಶುರು ಮಾಡಿದೆ.

"ನಿಮಗೆ ಐವತ್ತೆಂಟು. ಈ ಎರಡು ವರ್ಷ ಮುಗಿದ ಮೇಲೆ ಕಂಪನಿ ಮತ್ತೆ ರಿನ್ಯೂ ಮಾಡ್ತದಾ? ಹೇಳಿ."

"ಮಾಡ್ಬಹುದು."

"ಅರವತ್ತಾದವರನ್ನು ಯಾರನ್ನಾದ್ರೂ ಇಟ್ಕೊಂಡಿದ್ದಾರಾ?"

ಅಪ್ಪ ಚಹಾದ ಲೋಟವನ್ನು ಮೇಜಿನ ಮೇಲೆ ತಿರುಗಿಸಿದರು.

"ಆಗ ನಾಲ್ಕೂ ಜನ ಇಲ್ಲಿಂದ ಹೊರಡ್ಬೇಕು. ಇವಳ ಓದು ಅರ್ಧದಲ್ಲಿರ್ತದೆ. ನಂಗೆ ಸಿಗ್ಲಿಲ್ಲ ಅಂತ ಇವಳಿಗೂ ಸಿಗ್ಬಾರ್ದಾ? ಅದು ನ್ಯಾಯವಾ?"

"ಅಕ್ಕಾ, ಸ್ಟಾಪ್," ಎಂದಳು ತಂಗಿ. ಅವಳ ಮೂಗು ಕೆಂಪಾಗಿತ್ತು. "ನನ್ನನ್ನು ಪಾಯಿಂಟ್ ಮಾಡ್ಬೇಡ."

ನಾನು ನಿಲ್ಲಿಸಲಿಲ್ಲ. ಗಟ್ಟಿ ವಾದವನ್ನು ಕೊನೆಗೆ ಇಟ್ಟುಕೊಳ್ಳುವುದು ನನ್ನ ಕ್ರಮ. ನಾನೊಬ್ಬಳೇ ಇಲ್ಲಿ ಬದುಕಬಲ್ಲೆ, ನನ್ನ ಕಂಪನಿ ನನಗೆ ಸ್ವಂತ ವೀಸಾ ಮಾಡಿಕೊಡಲು ಒಪ್ಪಿದೆ, ಈಗಾಗಲೇ ಕೇಳಿದ್ದೇನೆ ಎನ್ನುವುದು ಆ ವಾದ. ಅದಕ್ಕೆ ಮೊದಲು ಇನ್ನೆರಡು ಇದ್ದವು. ನಾನು ಎರಡನೆಯದಕ್ಕೆ ಬರುವಷ್ಟರಲ್ಲೇ ಅಪ್ಪ ಹೇಳಿದರು:

"ನೀನು ಹೇಳುದು ಸರಿ."

ಅಷ್ಟೇ. ಅವರ ಭುಜ ಇಳಿಯಿತು. ಯಾರೋ ಅವರ ಬೆನ್ನಿನಿಂದ ಚೀಲ ಇಳಿಸಿಕೊಂಡ ಹಾಗೆ. ಅಮ್ಮ ತನ್ನ ಚಹಾದ ಮೇಲೆ ಕಟ್ಟಿದ ಕೆನೆಯನ್ನು ಬೆರಳಿನಿಂದ ತೆಗೆದು ತಟ್ಟೆಯ ಅಂಚಿಗೆ ಒರೆಸಿದಳು. ಎದುರು ಕಡೆಯಿಂದ ಯಾರಾದರೂ ಎದ್ದು ನಿಲ್ಲಲಿ, ನನ್ನ ವಾದದಲ್ಲಿ ಒಂದು ತೂತು ತೋರಿಸಲಿ ಎಂದು ಕಾದೆ. ತೂತುಗಳಿದ್ದವು. ಅವು ಎಲ್ಲಿವೆ ಎಂದು ನನಗೇ ಗೊತ್ತಿತ್ತು. ಅಲ್ಲಿಯವರೆಗೆ ನಾನು ಗೆದ್ದ ಯಾವ ಚರ್ಚೆಯೂ ಇಷ್ಟು ಬೇಗ ಮುಗಿದಿರಲಿಲ್ಲ.

ಅವರ ವಿಮಾನಕ್ಕೆ ಹತ್ತು ದಿನ ಇರುವಾಗ ನನ್ನ ಕಂಪನಿಯಿಂದ ಕಾಗದ ಬಂತು. ಅಪ್ಪನ ಪ್ರಾಯೋಜಕತ್ವದಿಂದ ನನ್ನನ್ನು ಬಿಡುಗಡೆ ಮಾಡಲು ಅಪ್ಪ ಸರ್ಕಾರದ ಆಪ್‌ನಲ್ಲಿ ಒಪ್ಪಿಗೆ ಕೊಡಬೇಕು. ಅದೂ ಒಂದು ಶುಕ್ರವಾರ, ಊಟಕ್ಕೆ ಮೊದಲು. ವಿಲ್ಲಾದ ಹೊರಗಿನ ಮೆಟ್ಟಿಲ ಮೇಲೆ ಕೂತು ಅಪ್ಪ ಫೋನನ್ನು ದೂರ ಹಿಡಿದು, ಹತ್ತಿರ ಹಿಡಿದು ನೋಡಿದರು.

"ಎಲ್ಲಿ ಒತ್ಲಿಕ್ಕೆ ಇದು? ನಂಗೆ ಕಾಣುದೇ ಇಲ್ಲ."

"ಕೊಡಿ."

'ಅವಲಂಬಿತರು' ಎಂಬಲ್ಲಿ ಮೂರು ಹೆಸರುಗಳಿದ್ದವು. ನನ್ನದನ್ನು ಆರಿಸಿದೆ. ಖಚಿತವೇ ಎಂದು ಕೇಳಿತು. ಅಪ್ಪನ ಕಡೆ ತಿರುಗಿಸಿ ತೋರಿಸಿದೆ. ಅವರು ಓದಿದರು, ಈ ಸಲ ಪ್ರತಿಯೊಂದು ಸಾಲನ್ನೂ ತುಟಿಯಾಡಿಸುತ್ತ ಓದಿದರು. ಓದಿ ಮುಗಿಸಿ ಫೋನನ್ನು ನನ್ನ ಕೈಯಲ್ಲೇ ಬಿಟ್ಟರು. ಖಚಿತ ಎಂದು ನಾನೇ ಒತ್ತಿದೆ.

"ಆಯ್ತಾ?"

"ಆಯ್ತು."

ಅಪ್ಪ ಫೋನನ್ನು ಅಂಗಿಗೆ ಒರೆಸಿ ಜೇಬಿಗೆ ಹಾಕಿದರು. "ಅಮ್ಮನಿಗೆ ಈಗ ಹೇಳ್ಬೇಡ," ಎಂದರು. "ಊಟ ಆಗ್ಲಿ."

ನಾನು ಎದ್ದು ಒಳಗೆ ಹೋದೆ. ಅಮ್ಮ ಮೀನಿನ ಸಾರು ಇಳಿಸುತ್ತಿದ್ದಳು. ಎಸಿ ಆಫ್ ಆಗಿತ್ತು, ಕಿಟಕಿ ತೆರೆದಿತ್ತು, ಪಕ್ಕದ ಮನೆಯವರು ಊಟಕ್ಕೆ ಕೂತ ಸದ್ದು ಕೇಳುತ್ತಿತ್ತು. ಅಪ್ಪನ ವೀಸಾದಿಂದ ನನ್ನ ಹೆಸರು ತೆಗೆದಾಯಿತೆಂದು ಎಲ್ಲರಿಗೂ, ಗೋಡೆಯಾಚೆಯವರಿಗೂ ಕೇಳುವಷ್ಟು ಜೋರಾಗಿ ಹೇಳಿದೆ.